ಇನ್ನೂರ ಮೂರು ಮಾವಿನಕಾಯಿ

ನಾನು ಒಂದು ಅಂಕಿ. ಸರಿಯಾಗಿ ಹೇಳಬೇಕೆಂದರೆ, ನಾಲ್ಕು ಅಂಕಿಗಳ ನಡುವೆ ಮೂರು ಚುಕ್ಕಿಯಿಟ್ಟು ಪೋಣಿಸಿದ ಒಂದು ಸರ: ಇನ್ನೂರ ಮೂರು, ಸೊನ್ನೆ, ನೂರ ಹದಿಮೂರು, ಎಪ್ಪತ್ತೇಳು. ಓಣಿಯ ಮನೆಗಳಿಗೆ ನಂಬರು ಇರುವ ಹಾಗೆ ಇಂಟರ್ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಲು ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಅಂಥ ವಿಳಾಸಗಳಲ್ಲಿ ನಾನೊಂದು. ನನಗೆ ಮೈಯಿಲ್ಲ, ಬಣ್ಣವಿಲ್ಲ, ತುಕ್ಕು ಹಿಡಿದು ಮಣ್ಣಾಗುವ ಭಾಗ್ಯವೂ ಇಲ್ಲ. ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯ ಕೊರಳಲ್ಲಿ ಇರುತ್ತದಲ್ಲ, ಹಾಗೆ ನನ್ನ ಜೀವ ನನ್ನನ್ನು ಬಾಯಿಪಾಠ ಮಾಡಿದವರ ನಾಲಗೆಯ ಮೇಲೆ ಇದೆ. ಇತ್ತು ಎನ್ನಬೇಕೇನೋ.

ನಮ್ಮನ್ನು ಹುಟ್ಟಿಸಿದವರು ಬಹಳ ದೂರದ ದೇಶದವರು. ಆಗ ಯಂತ್ರಗಳು ಒಂದೊಂದು ಕೋಣೆಯಷ್ಟು ದೊಡ್ಡವು, ಇದ್ದವೂ ಬೆರಳೆಣಿಕೆಯಷ್ಟು. ಅವರು ಕೂತು ನಾನೂರು ಕೋಟಿಗೂ ಹೆಚ್ಚು ವಿಳಾಸಗಳನ್ನು ಮಾಡಿದರು. ಇಷ್ಟಿದ್ದರೆ ಎಂದೆಂದಿಗೂ ಸಾಕು ಅಂದುಕೊಂಡರು. ಹಪ್ಪಳ ಒತ್ತುವ ಮುದುಕಿಯರು ಮೊದಲು ನೆಂಟರನ್ನು ಎಣಿಸುತ್ತಾರೆ, ಆಮೇಲೆ ಹಿಟ್ಟು ಕಲಸುತ್ತಾರೆ. ಇವರು ನೆಂಟರನ್ನು ಎಣಿಸದೆಯೇ ಹಿಟ್ಟು ಕಲಸಿದರು. ಜೇಬಿಗೊಂದು ಯಂತ್ರ, ಗೋಡೆಗೊಂದು ಯಂತ್ರ, ಮಗುವಿನ ತೊಟ್ಟಿಲಿಗೂ ಒಂದು ಯಂತ್ರ ಬಂದೀತೆಂದು ಅವರಿಗೆ ಕನಸೂ ಬಿದ್ದಿರಲಿಲ್ಲ.

ಹುಟ್ಟಿ ಎಷ್ಟೋ ವರ್ಷ ನಾನು ಯಾರಿಗೂ ಬೇಡವಾಗಿ ಬಿದ್ದಿದ್ದೆ. ಆಮೇಲೆ ಈ ದೇಶದ ಒಂದು ದೊಡ್ಡ ಕಂಪನಿ ನಮ್ಮ ಸಾಲನ್ನೇ ಕೇಳಿ ಪಡೆಯಿತು. ಅದು ನನ್ನನ್ನು ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿಯ ಕಚೇರಿಗೆ ಬಾಡಿಗೆಗೆ ಕೊಟ್ಟಿತು. ಅಲ್ಲಿ ಹತ್ತಿಯ ದರ ಬಂದುಹೋಗುವುದೊಂದನ್ನೇ ಕಂಡೆ. ಆ ಕಚೇರಿ ಮುಚ್ಚಿದ ಮೇಲೆ ಬ್ಯಾಡಗಿಯಲ್ಲಿ ಕೇಬಲ್ ನಡೆಸುವ ದಾವಲಸಾಬ್ ಎಂಬ ತರುಣನ ಪಾಲಿಗೆ ಬಂದೆ.

ಬ್ಯಾಡಗಿ ಎಂದರೆ ಮೆಣಸಿನಕಾಯಿ. ಸಂಕ್ರಾಂತಿ ಕಳೆದರೆ ಸಾಕು, ಊರಿಗೆ ಊರೇ ಕೆಂಪು ರಾಶಿಗಳ ನಡುವೆ ಕೆಮ್ಮುತ್ತಾ ಓಡಾಡುತ್ತದೆ. ಹೊಸಬರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಊರಿನವರು ಕೆಮ್ಮುತ್ತಲೇ ಚೌಕಾಸಿ ಮಾಡುತ್ತಾರೆ, ಕೆಮ್ಮುತ್ತಲೇ ಮದುವೆಯ ಮಾತು ಮುಗಿಸುತ್ತಾರೆ. ಆ ಊರಿನ ಕೆಮ್ಮೇ ನನ್ನ ಕಥೆಯನ್ನು ಕೆಡಿಸೀತೆಂದು ನನಗೆ ಆಗ ಗೊತ್ತಿರಲಿಲ್ಲ.

ದಾವಲನ ಕೈಯಲ್ಲಿ ನಮ್ಮಂಥವರು ಕೆಲವೇ ಮಂದಿ ಇದ್ದೆವು. ಮನೆಗಳು ಸಾವಿರ. ಆದ್ದರಿಂದ ಅವನು ಒಂದೊಂದು ವಿಳಾಸವನ್ನು ಓಣಿಗಳಿಗೇ ಹಂಚಿದ್ದ. ಹಾಗೆ ಹಂಚಿದರೆ ಒಂದು ಅನುಕೂಲ, ಒಂದು ತೊಂದರೆ. ಓಣಿಯವರೆಲ್ಲ ಆ ಒಂದೇ ಬಾಗಿಲಿನಿಂದ ಹೊರಗೆ ಹೋಗಿ ಬೇಕಾದ್ದನ್ನು ತಂದುಕೊಳ್ಳಬಹುದು. ಆದರೆ ಹೊರಗಿನವರು ಬಂದು ಇಂಥ ಮನೆಯವರು ಬೇಕು ಎಂದು ಬಾಗಿಲು ಬಡಿಯುವ ಹಾಗಿಲ್ಲ. ಊರಿನಲ್ಲಿ ಯಾರಿಗೂ ಅದರಿಂದ ಏನೂ ಅನ್ನಿಸಿರಲಿಲ್ಲ. ಮನೆಗೆ ಅತಿಥಿ ಬರಲಿ ಎಂದು ಕೇಳಿದವನು ಒಬ್ಬನೇ. ಅವನೇ ರುದ್ರಪ್ಪ.

ರುದ್ರಪ್ಪ ಹುಟ್ಟುಕುರುಡ. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು, ನಿವೃತ್ತನಾಗಿ ಅಕ್ಕನ ಮನೆಗೆ ಬಂದಿದ್ದ. ಅಕ್ಕ ನೀಲವ್ವ ಅಂಗನವಾಡಿ ಟೀಚರ್ ಆಗಿದ್ದವಳು. ಅಕ್ಕ ತಮ್ಮನಿಗೆ ಚಿಕ್ಕಂದಿನಿಂದ ಓದಿ ಹೇಳಿದ್ದಳು: ಪಾಠ, ಪೇಪರು, ಪಂಚಾಂಗ, ಬಸ್ಸಿನ ಬೋರ್ಡು. ಮುದುಕರಾದ ಮೇಲೂ ಓದುತ್ತಿದ್ದಳು. ಒಂದು ದಿನ ತಮ್ಮ ಅಂದ: "ಅಕ್ಕಾ, ಇಷ್ಟು ಓದತಿ, ಒಬ್ಬಾವಾ ಕೇಳತೀನಿ. ನನ್ನಂಥಾವ್ರು ಎಷ್ಟ ಮಂದಿ ಅದಾರ. ಅವರಿಗೂ ಒಂದೀಟು ಬೀಳಲಿ."

ಹಾಗೆ ಅವರ ಪಡಸಾಲೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರು ಬಂತು, ಮಾತಾಡುವಂಥದ್ದು. ಒಂದು ಮೈಕು ಬಂತು. ನೀಲವ್ವ ಓದಿದ್ದನ್ನು, ಹೇಳಿದ್ದನ್ನು ಅದರಲ್ಲಿ ಹಿಡಿದಿಡುವುದು. ಕೇಳಬೇಕಾದವರು ದೂರದಿಂದ ಬಂದು ಕೇಳಿಕೊಂಡು ಹೋಗುವುದು. ಬರಲು ಒಂದು ವಿಳಾಸ ಬೇಕಲ್ಲ. ರುದ್ರಪ್ಪ ದಾವಲನನ್ನು ಕರೆಸಿದ.

"ಕಾಕಾ, ಇಡೀ ನಂಬರು ನಿಮ್ಮೊಬ್ಬರಿಗೇ ಕೊಡ್ತೀನಿ ತಗೋರಿ," ಅಂದ ದಾವಲ್. "ಆದ್ರ ಅದರ ಮ್ಯಾಲೊಂದು ಹೆಸರು ತಗೊಂಡಬಿಡ್ರಿ. ನಂಬರು ಇವತ್ತು ಇರತೈತಿ, ನಾಳೆ ಹೋಗತೈತಿ. ಹೆಸರಾದ್ರ ಯಾವ ನಂಬರಿಗೆ ಬೇಕಾದ್ರೂ ಕಟ್ಟಬಹುದು."

"ಹೆಸರು ಯಾವ ಭಾಷಾದಾಗ ಒತ್ತಬೇಕು?"

"ಇಂಗ್ಲಿಷ್‌ನ್ಯಾಗರಿ."

"ಹಂಗಾರ ಬ್ಯಾಡ," ಅಂದ ರುದ್ರಪ್ಪ. "ನಮ್ಮ ಹುಡುಗ್ರು ಸ್ಪೆಲ್ಲಿಂಗಿನ್ಯಾಗ ಸಾಯ್ತಾವು. ಅಂಕಿ ಆದ್ರ ಬಲಗೈ ಕಡೆ ಒಂದಾ ಮೂಲ್ಯಾಗ ಎಲ್ಲಾ ಕೀಲಿ ಅದಾವು, ಐದರ ಮ್ಯಾಲ ಬೆರಳಿಗೆ ಹತ್ತೂವಂಥಾ ಒಂದು ಗುಬಟ ಐತಿ. ಅದರ ಮ್ಯಾಲ ಬೆರಳಿಟ್ರ ಮನಿ ಸಿಕ್ಕಂಗ. ಮೂವತ್ತು ವರ್ಷ ನಂಬರಿನ ಮ್ಯಾಲ ಅನ್ನ ತಿಂದೀನಪಾ. ಹೆಸರು ಮರೀತಾರ, ನಂಬರು ಮರಿಯೂದಿಲ್ಲ."

ದಾವಲ್ ನಕ್ಕು ಹೋದ. ಹಾಗೆ ನಾನು ಆ ಮನೆಯವನಾದೆ. ಅಕ್ಕ ತಮ್ಮ ಇಬ್ಬರಿಗೂ ಮೈಕು ಆರಿಸುವ ಅಭ್ಯಾಸ ಇರಲಿಲ್ಲವಾದ್ದರಿಂದ ಪಡಸಾಲೆಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ರೊಟ್ಟಿ ಬಡಿಯುವ ಸದ್ದು, ನಲ್ಲಿ ಬಂತೆಂದು ಕೊಡಗಳ ಓಟ, ಅಕ್ಕ ತಮ್ಮನನ್ನು ಬೈಯುವುದು, ತಮ್ಮ ಕಿವುಡನಂತೆ ನಟಿಸುವುದು. ನನ್ನ ಬದುಕಿನಲ್ಲಿ ಸುಖವೆಂದು ಇದ್ದುದು ಆ ವರ್ಷಗಳಲ್ಲೇ.

ರುದ್ರಪ್ಪನದು ಇನ್ನೊಂದು ಕಟ್ಟಳೆ ಇತ್ತು. ಓದುವವರ ಹೆಸರು, ಊರು, ಫೋನು ಏನನ್ನೂ ಹೇಳುವ ಹಾಗಿಲ್ಲ. "ಕಥಿ ಮುಂದ ಹೋಗಬೇಕು, ಹೇಳಾಕಿ ಹಿಂದ ಉಳೀಬೇಕು," ಅನ್ನುತ್ತಿದ್ದ. ನೀಲವ್ವನಿಗೂ ಅದೇ ಬೇಕಾಗಿತ್ತು. ಓಣಿಯ ಹೆಂಗಸರಿಗೆ ತಾನು ಡಬ್ಬಿಯ ಮುಂದೆ ಕೂತು ಮಾತಾಡುವುದು ತಿಳಿದರೆ ನಗುತ್ತಾರೆಂದು ಅವಳಿಗೆ ಸಂಕೋಚ. ಹೀಗಾಗಿ ಕೇಳುವವರಿಗೆ ಅವಳು ಬರೀ ಆಯಿ. ಎಲ್ಲಿಯ ಆಯಿ, ಯಾರ ಆಯಿ, ಒಬ್ಬರಿಗೂ ಗೊತ್ತಿಲ್ಲ.

ನನ್ನ ಅಂಕಿ ಬಾಯಿಂದ ಬಾಯಿಗೆ ಹರಡಿ, ಮೊದಮೊದಲು ನನ್ನ ಬಾಗಿಲಿಗೆ ಒಬ್ಬಿಬ್ಬರು ಬಂದರು. ಆಮೇಲೆ ದೂರದ ಒಂದು ಪಟ್ಟಣದ ಅಂಧ ಮಕ್ಕಳ ಹಾಸ್ಟೆಲ್ಲಿನಿಂದ ಒಂದು ಸಂಜೆ ಯಾರೋ ಬಂದರು. ಮರುದಿನ ಹತ್ತು ಮಂದಿ ಬಂದರು. ಕೇಳಿದವರು ತಮ್ಮ ಮಾತನ್ನು ಬಿಟ್ಟುಹೋಗಲೆಂದು ರುದ್ರಪ್ಪ ಒಂದು ಗೂಡು ಮಾಡಿಟ್ಟಿದ್ದ. ಅದರಲ್ಲಿ ಒಂದು ಹುಡುಗಿಯ ದನಿ ಬಿದ್ದಿತ್ತು.

"ಆಯಿ, ನಾನು ಫಕೀರವ್ವ. ನಿನ್ನ ನಂಬರು ಎಲ್ಲಾರೂ ಮರೀತಿದ್ರು, ಅದಕ ನಾ ಹಾಡು ಮಾಡೀನಿ. ಕೇಳು."

ಅವಳು ಹಾಡಿದಳು:

ಇನ್ನೂರ ಮೂರು ಮಾವಿನಕಾಯಿ,
ಸೊನ್ನಿಯ ಹಂಗ ತೆರದೈತಿ ಬಾಯಿ,
ನೂರಾ ಹದಿಮೂರು ಗಿಣಿ ಬಂದ್ವು,
ಎಪ್ಪತ್ತೇಳಕ ಕದಾ ತೆಗಿ ಆಯಿ.

ಹಿಂದಿನಿಂದ ಉಳಿದ ಮಕ್ಕಳು ತಾಳ ಹಾಕುತ್ತಿದ್ದರು. ರುದ್ರಪ್ಪ ಅದನ್ನು ಎಷ್ಟು ಸಲ ಕೇಳಿದನೆಂದರೆ ಅಕ್ಕ ರೇಗಿ, "ಅದನ್ನಾ ಕೇಳಿದ್ರ ಹೊಟ್ಟಿ ತುಂಬತೈತೇನು? ಊಟಕ್ಕ ಏಳು," ಎಂದಳು. ನನಗಾದರೋ, ನಾನೂರು ಕೋಟಿ ಒಡಹುಟ್ಟಿದವರಲ್ಲಿ ಯಾರಿಗೂ ಸಿಗದ ಭಾಗ್ಯ ಸಿಕ್ಕಿತ್ತು. ನನ್ನ ಮೇಲೊಂದು ಹಾಡು.

ಫಕೀರವ್ವ ದಿನಾ ಬರುತ್ತಿದ್ದಳು. ಸಂಕ್ರಾಂತಿ ಕಳೆದು ನೀಲವ್ವನ ಓದಿನ ನಡುವೆ ಕೆಮ್ಮು ಹೆಚ್ಚಾದಾಗ ಗೂಡಿನಲ್ಲಿ ಅವಳ ದನಿ ಬೀಳುತ್ತಿತ್ತು. "ಆಯಿ, ನಿನಗ ದಮ್ಮು ಐತೇನು? ಶುಂಠಿ ಜಜ್ಜಿ ಬೆಲ್ಲದಾಗ ತಿನ್ನು. ನಮ್ಮಜ್ಜಿಗೂ ಹಿಂಗಾ ಆಗಿ ಸತ್ತಳು." ಕೇಳಿ ಅಕ್ಕ ತಮ್ಮ ಇಬ್ಬರೂ ನಗುತ್ತಿದ್ದರು. ಊರಿನ ಹೆಸರು ಹೇಳುವ ಹಾಗಿಲ್ಲವಲ್ಲ. ಮೆಣಸಿನಕಾಯಿಯ ಘಾಟು ಎಂದರೆ ಊರು ಹೇಳಿದ ಹಾಗೆ. ಅದಕ್ಕೆ ನೀಲವ್ವ ಮುಂದಿನ ಕಂತಿನ ಕೊನೆಗೆ, "ಶುಂಠಿ ತಿಂದೀನವಾ, ಆರಾಮ ಅದೀನಿ," ಎಂದಷ್ಟೇ ಹೇಳುತ್ತಿದ್ದಳು.

ಒಂದು ಮಳೆಗಾಲದಲ್ಲಿ ರುದ್ರಪ್ಪ ಜ್ವರ ಬಂದು ಮಲಗಿದವನು ಏಳಲಿಲ್ಲ. ಹದಿಮೂರು ದಿನ ಮೈಕಿನ ಮುಂದೆ ಬರೀ ಅತ್ತವರ, ಉಂಡವರ ಸದ್ದು. ಆಮೇಲೆ ಒಂದು ಮಧ್ಯಾಹ್ನ ಕುರ್ಚಿ ಸರಿದ ಶಬ್ದವಾಯಿತು. ನೀಲವ್ವ ಬಂದು ಕೂತು, "ಎಲ್ಲಿಗೆ ಬಂದಿತ್ತು?" ಎಂದು ತನ್ನನ್ನೇ ಕೇಳಿಕೊಂಡು, ನಿಂತಲ್ಲಿಂದ ಓದತೊಡಗಿದಳು. ಕೇಳುವ ತಮ್ಮ ಪಕ್ಕದಲ್ಲಿಲ್ಲ. ಅವಳ ಬದುಕಿನಲ್ಲಿ ಕೇಳುವವರೆಂದು ಇನ್ನು ಉಳಿದವರು ನನ್ನ ಬಾಗಿಲಿಂದ ಬರುವವರು ಮಾತ್ರ. ಅವರಲ್ಲಿ ಅವಳು ಕಾಯುತ್ತಿದ್ದುದು ಒಬ್ಬಳನ್ನು. ಕಂಪ್ಯೂಟರು ಹಚ್ಚಿದೊಡನೆ ಮೊದಲು ಗೂಡು ತೆಗೆದು, "ಫಕೀರವ್ವ ಬಂದಿದ್ಲೇನು ನೋಡೂನು," ಅನ್ನುತ್ತಿದ್ದಳು.

ಅಷ್ಟು ಹೊತ್ತಿಗೆ ನಮ್ಮ ಕುಲದ ಮೇಲೆ ಬರ ಬಿದ್ದಿತ್ತು. ಪಾತ್ರೆಯ ತಳ ಕಂಡಿತ್ತು. ಹೊಸ ಯಂತ್ರಗಳಿಗೆ ಕೊಡಲು ಹಳೆಯ ವಿಳಾಸಗಳೇ ಇರಲಿಲ್ಲ. ಹಾಗೆಂದು ಜಗತ್ತಿಗೆ ಗೊತ್ತಿರದ ಸಂಗತಿಯಲ್ಲ ಇದು. ಬಹಳ ಹಿಂದೆಯೇ ಜಾಣರು ಹೊಸ ಕುಲವೊಂದನ್ನು ಹುಟ್ಟಿಸಿದ್ದರು. ಆ ವಿಳಾಸಗಳು ಎಷ್ಟಿವೆಯೆಂದರೆ ಹೊಳೆದಂಡೆಯ ಮರಳಿಗೆಲ್ಲ ಒಂದೊಂದು ಕಟ್ಟಿದರೂ ಮುಗಿಯುವುದಿಲ್ಲ. ಆದರೆ ಹೊಸಬರು ಆಡುವ ಮಾತು ಹಳಬರಿಗೆ ತಿಳಿಯುವುದಿಲ್ಲ, ಹಳಬರದು ಹೊಸಬರಿಗೆ ತಿಳಿಯುವುದಿಲ್ಲ. ಎರಡೂ ಕಡೆಯವರು ಹೊಸದಕ್ಕೆ ಬಂದರೆ ಮಾತ್ರ ಮಾತು. ಗಂಡಿನವರು ಬರಲಿ ಎಂದು ಹೆಣ್ಣಿನವರು, ಹೆಣ್ಣಿನವರು ಹೇಳಿಕಳಿಸಲಿ ಎಂದು ಗಂಡಿನವರು ಕೂತರೆ ಮದುವೆ ಆಗುತ್ತದೆಯೇ? ಹಾಗೆ ಕೂತು ಕೂತು ಹುಡುಗಿಗೆ ಕೂದಲು ನೆರೆಯಿತು. ಅಲ್ಲಿಯವರೆಗೆ ಹರಿದ ಹಚ್ಚಡಕ್ಕೆ ತೇಪೆ ಹಾಕಿದ ಹಾಗೆ ಹಳೆಯದನ್ನೇ ಹಂಚಿ, ಹಿಂಜಿ, ದುಬಾರಿ ಬಾಡಿಗೆಗೆ ಕೊಟ್ಟು ಕಾಲ ದೂಡುತ್ತಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ ದಾವಲ್ ಬಂದ. ಚಹಾ ಕುಡಿದ. ಕಪ್ಪು ಕೆಳಗಿಟ್ಟರೂ ಏಳಲಿಲ್ಲ.

"ಏನಪಾ, ಮುಖ ಯಾಕ ಹಿಂಗ ಮಾಡಿ?" ಅಂದಳು ನೀಲವ್ವ.

"ಅಕ್ಕಾರ, ನಂಬರು ನಂದಲ್ಲರಿ. ಮ್ಯಾಲಿನ ಕಂಪನಿಯವರದು, ನಾನೂ ಬಾಡಿಗಿಯವಾ. ಅವರಿಗೆ ಯಾರೋ ದೊಡ್ಡ ಗಿರಾಕಿ ಸಿಕ್ಕಾನ. ಈ ಸಾಲು ವಾಪಸ್ ಕೊಡು ಅಂತಾರ. ಯುಗಾದಿ ತನಕ ಕೇಳಿಕೊಂಡೀನಿ."

"ಬ್ಯಾರೇದೊಂದು ಕೊಡು."

"ಹಳೇವು ಕೈಬೆರಳಿನಷ್ಟೂ ಉಳಿದಿಲ್ಲರಿ. ಅವನ್ನ ಊರಿಗೆಲ್ಲಾ ಹಂಚೀನಿ. ಅದರಾಗ ನೀವು ಹೊರಗ ಹೋಗಬಹುದು, ನಿಮ್ಮನಿಗೆ ಯಾರೂ ಬರಾಕ ಬರಂಗಿಲ್ಲ. ಹೊಸಾವು ಬೇಕಾದಷ್ಟು ಅದಾವು. ನಿಮಗ ಒಂದಲ್ಲ, ನಿಮ್ಮನಿ ಇರಿವಿಗೊಂದೊಂದು ಕೊಡ್ತೀನಿ. ನಮ್ಮ ಕಡೆ ಎಲ್ಲಾ ತಯಾರ್ ಐತಿ."

ಅವತ್ತೇ ಅವನು ಹೊಸ ವಿಳಾಸವನ್ನು ಕಂಪ್ಯೂಟರಿಗೆ ಕಟ್ಟಿಕೊಟ್ಟ. ಒಂದಷ್ಟು ದಿನ ಆ ಯಂತ್ರಕ್ಕೆ ನಾವಿಬ್ಬರೂ ಇದ್ದೆವು, ನಾನು ಮತ್ತು ಆ ಹೊಸಬ. ಅವನ ಮೈ ಎಷ್ಟು ಉದ್ದ. ಅಂಕಿ, ನಡುವೆ ಇಂಗ್ಲಿಷ್ ಅಕ್ಷರ, ಮತ್ತೆ ಅಂಕಿ, ಜೋಡಿ ಚುಕ್ಕಿ. ಸಾಧು ಸ್ವಭಾವದವನು. "ನಿನ್ನ ಹಾಡು ನನಗೂ ಕಲಿಸು," ಎಂದ. ಅವನನ್ನು ಯಾವ ಹಾಡಿಗೂ ಕೂರಿಸಲಾಗಲಿಲ್ಲ.

ನೀಲವ್ವ ಕನ್ನಡಕ ಏರಿಸಿಕೊಂಡು ಅವನನ್ನು ನಿಧಾನವಾಗಿ ಓದಿ, ಎರಡೆರಡು ಸಲ ಹೇಳಿ, ಎಲ್ಲರಿಗೂ ತಿಳಿಸಿದಳು. ಫಕೀರವ್ವನ ಉತ್ತರ ಮರುದಿನವೇ ಗೂಡಿಗೆ ಬಂತು.

"ಆಯಿ, ನೀ ಹೇಳಿದ್ದು ನಾಕು ಸಲ ಒತ್ತಿದ್ವಿ. ಹೋಗಂಗಿಲ್ಲ. ವಾರ್ಡನ್ ಮೇಡಮ್ಮಾರು ಲೈನಿನವರನ್ನ ಕೇಳಿದ್ರು. ನಮ್ಮ ಕಡೆ ಹೊಸಾದು ಇನ್ನೂ ಇಲ್ಲ, ಅದನ್ನ ಇಲ್ಲೀತನಕ ಯಾರೂ ಕೇಳಿಲ್ಲ ಅಂದ್ರಂತ. ನಾವು ಕೇಳಾಕತ್ತೇವಲ್ಲರಿ ಅಂದ್ರ, ನೀವೊಬ್ಬರಾ ಅಂದ್ರಂತ."

ನೀಲವ್ವ ದಾವಲನನ್ನು ಕರೆದು ಕೇಳಿಸಿದಳು. ಅವನು ತಲೆ ತುರಿಸಿಕೊಂಡ. "ಅವರ ಕಡೆ ಆಗಬೇಕ್ರಿ. ನಮ್ಮ ಕಡೆ ತಯಾರ್ ಐತಿ."

"ನಿಮ್ಮ ಕಡೆ, ಅವರ ಕಡೆ. ನಡುವ ನನ್ನ ಕೂಸು ನಿಂತೈತಲ್ಲೋ," ಅಂದಳು ನೀಲವ್ವ.

ಆಮೇಲಿನ ದಿನಗಳಲ್ಲಿ ಅವಳು ರುದ್ರಪ್ಪನ ಫೋಟೋದ ಮುಂದೆ ನಿಂತು ಮಾತಾಡುವುದನ್ನು ಕೇಳಿದೆ. "ನಿನ್ನ ಕಟ್ಟಳಿ ಮುರೀತೀನಪಾ ರುದ್ರಾ. ಫೋನ್ ನಂಬರು ಹೇಳಿಬಿಡ್ತೀನಿ. ಸಿಟ್ಟಾಗಬ್ಯಾಡ." ಅದೊಂದು ಮಾತು ಆವತ್ತೇ ಮೈಕಿನಲ್ಲಿ ಹೇಳಿಬಿಟ್ಟಿದ್ದರೆ ಈ ನನ್ನ ಕಥೆಗೆ ಬೇರೆ ಕೊನೆ ಇರುತ್ತಿತ್ತು. ಆದರೆ ನೀಲವ್ವ ಕಥೆ ಹೇಳುವವಳು. ಕಥೆ ಹೇಳುವವರಿಗೆ ಒಂದು ಚಟವಿದೆ: ಬೀಗದ ಕೈಯನ್ನು ಕೊನೆಗೆ ಕೊಡುತ್ತಾರೆ. ಮೊದಲೇ ಕೊಟ್ಟರೆ ಕೇಳುವವರು ಎದ್ದುಹೋಗುತ್ತಾರೆಂಬ ಭಯ ಅವರ ರಕ್ತದಲ್ಲೇ ಇರುತ್ತದೆ. ಯುಗಾದಿಗೆ ಇನ್ನೂ ಬೇಕಾದಷ್ಟು ದಿನವಿದೆ. ತನ್ನ ಅವ್ವ ಹೇಳುತ್ತಿದ್ದ ಒಂದು ದೊಡ್ಡ ಕಥೆಯನ್ನು ಸೋಮವಾರಕ್ಕೊಂದು ಕಂತಿನಂತೆ ಹೇಳುವುದು, ಕೊನೆಯ ಕಂತಿನ ಕೊನೆಗೆ ಫೋನ್ ನಂಬರು ಕೊಡುವುದು ಎಂದು ಅವಳು ಲೆಕ್ಕ ಹಾಕಿದಳು.

ಕಥೆ ಹೀಗಿತ್ತು. ಒಬ್ಬ ಹುಡುಗಿಯ ದನಿಯನ್ನು ಒಂದು ಕಾಗೆ ಕದ್ದುಕೊಂಡು ಹೋಗುತ್ತದೆ. ದನಿಯನ್ನು ಹುಡುಕುತ್ತಾ ಅವಳು ಏಳು ಬಾಗಿಲುಗಳ ಒಂದು ಕೋಟೆಗೆ ಬರುತ್ತಾಳೆ. ಒಂದೊಂದು ಬಾಗಿಲಲ್ಲೂ ಒಬ್ಬ ಕಾವಲುಗಾರ, ಏನಾದರೂ ಕೊಟ್ಟರೆ ಮಾತ್ರ ಒಳಗೆ ಬಿಡುತ್ತಾನೆ. ಕಾಲಗೆಜ್ಜೆ ಕೊಟ್ಟಳು. ಬಳೆ ಕೊಟ್ಟಳು. ಜಡೆ ಕೊಟ್ಟಳು. ನಾಲ್ಕನೆಯದಕ್ಕೆ ತನ್ನ ನೆರಳನ್ನೇ ಕೊಟ್ಟಳು, ಐದನೆಯದಕ್ಕೆ ನಿದ್ದೆಯನ್ನು, ಆರನೆಯದಕ್ಕೆ ಹೆಸರನ್ನು. ಏಳನೆಯ ಬಾಗಿಲಿಗೆ ಬಂದಾಗ ಕೊಡಲು ಏನೂ ಉಳಿದಿರಲಿಲ್ಲ.

ಈ ಕಥೆಗಳನ್ನು ನೀಲವ್ವ ಹಗಲಲ್ಲೇ ಹೇಳುತ್ತಿದ್ದಳು. "ಹಗಲಾಗ ಕಥಿ ಹೇಳಿದ್ರ ಹಾದ್ಯಾಗ ಹೋಗಾವ್ರು ಹಾದಿ ತಪ್ಪತಾರ ಅಂತಿದ್ಲು ನಮ್ಮವ್ವ," ಎಂದು ನಗುತ್ತಾ ಶುರುಮಾಡಿದ್ದಳು. "ನೀವೆಲ್ಲಾ ಮನ್ಯಾಗ ಕುಂತು ಕೇಳಾವ್ರು. ಎಲ್ಲಿ ತಪ್ಪತೀರಿ?"

ಆರನೆಯ ಕಂತಿನ ಹೊತ್ತಿಗೆ ಮಾರುಕಟ್ಟೆಗೆ ಮೆಣಸಿನಕಾಯಿಯ ಮಹಾಪೂರ ಬಂದಿತ್ತು. ಕಿಟಕಿ ಮುಚ್ಚಿದರೂ ಘಾಟು. ಆ ಕಂತಿನ ತುಂಬ ಕೆಮ್ಮು. ಹುಡುಗಿ ಏಳನೆಯ ಬಾಗಿಲಿಗೆ ಬಂದು ನಿಂತಳು, ಎನ್ನುವಷ್ಟರಲ್ಲಿ ನೀಲವ್ವನಿಗೆ ಉಸಿರು ಹಿಡಿದ ಹಾಗಾಗಿ, "ತಡೀರವಾ... ಇನ್ನಾಗೂದಿಲ್ಲ. ಮುಂದಿಂದು ಸೋಮವಾರ," ಎಂದು ನಿಲ್ಲಿಸಿದಳು. ಗೂಡಿನಲ್ಲಿ ಫಕೀರವ್ವನ ದನಿ ಬಿತ್ತು. ಅವಳು ಈಗ ದೊಡ್ಡ ಹುಡುಗಿ, ದನಿಯೂ ಬಲಿತಿತ್ತು. ಹಾಸ್ಟೆಲ್ಲಿನಲ್ಲಿ ಅದೇ ಅವಳ ಕೊನೆಯ ವರ್ಷ. "ಆಯಿ, ಯಾಕ ಇಷ್ಟು ಕೆಮ್ಮತಿ? ಡಾಕ್ಟರಿಗೆ ತೋರಿಸಿದ್ಯೋ ಇಲ್ಲೋ? ಏಳನೇ ಬಾಗಲದಾಗ ಏನೈತಿ ಅಂತ ಹೇಳದಾ ಹೋಗಬ್ಯಾಡ ಮತ್ತ." ಮಾತಿನ ಕೊನೆಗೆ ನಗಲು ಪ್ರಯತ್ನಿಸಿದಳು.

ಕೊನೆಯ ಕಂತನ್ನು ನೀಲವ್ವ ಗುರುವಾರವೇ ಹೇಳಿ ಹಿಡಿದಿಟ್ಟಳು. ನಾನು ಕೇಳಿದೆ. ಏಳನೆಯ ಬಾಗಿಲಲ್ಲಿ ಕಾವಲುಗಾರನೇ ಇರಲಿಲ್ಲ. ಬಾಗಿಲಿಗೆ ಅಗಳಿಯೂ ಇರಲಿಲ್ಲ. ಕೈಯಿಟ್ಟರೆ ತೆರೆಯಿತು. ಒಳಗೆ ಒಬ್ಬ ಮುದುಕಿ ಗೆಜ್ಜೆ, ಬಳೆ, ಜಡೆ, ನೆರಳು, ನಿದ್ದೆ, ಹೆಸರು, ಕಾಗೆ ಕದ್ದ ದನಿ ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. "ಎಷ್ಟೊತ್ತಾತ ಕಾಯಾಕತ್ತು. ಇದು ಬರೇ ಮುಂದ ಮಾಡಿದ ಕದಾ. ನೂಕಿದ್ರ ಸಾಕಿತ್ತಲ್ಲವಾ," ಎಂದಳು. ಕಥೆ ಮುಗಿಯಿತು. ಆಮೇಲೆ ನೀಲವ್ವ ಗಂಟಲು ಸರಿಮಾಡಿಕೊಂಡು ಹೇಳಿದಳು: "ಫಕೀರವ್ವಾ, ನನಗ ದಮ್ಮು ಇಲ್ಲವಾ. ನಮ್ಮೂರು ಬ್ಯಾಡಗಿ. ಇದು ಮೆಣಸಿನಕಾಯಿ ಘಾಟು. ನನ್ನ ಹೆಸರು ನೀಲವ್ವ. ಈಗ ನನ್ನ ಫೋನ್ ನಂಬರು ಹೇಳತೀನಿ, ಇದಕ್ಕೂ ಒಂದು ಹಾಡು ಕಟ್ಟು."

ನಂಬರು ಹೇಳಿದಳು. ಸೋಮವಾರಕ್ಕೆಂದು ತೆಗೆದಿಟ್ಟಳು.

ಶನಿವಾರ ಮಧ್ಯಾಹ್ನ ಮೇಲಿನ ಕಂಪನಿಯವರು ನಮ್ಮ ಸಾಲನ್ನು ಕಿತ್ತುಕೊಂಡರು. ಯುಗಾದಿ ಇನ್ನೂ ದೂರವಿತ್ತು. ದಾವಲನಿಗೂ ಮೊದಲು ಹೇಳಿರಲಿಲ್ಲ. ಪಡಸಾಲೆಯಲ್ಲಿ ನೀಲವ್ವ ಯಾರಿಗೋ ರೊಟ್ಟಿಯ ಹಿಟ್ಟಿನ ಬಗ್ಗೆ ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ಆಮೇಲೆ ನಾನು ಆ ಮನೆಯ ಸದ್ದನ್ನು ಕೇಳಿಲ್ಲ.

ಬ್ಯಾಡಗಿಯ ವ್ಯಾಪಾರಿಗಳು ದರ ಏರಲಿ ಎಂದು ಮೆಣಸಿನಕಾಯಿಯ ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ನನ್ನ ಹೊಸ ಒಡೆಯರೂ ಅಂಥವರೇ. ಹೊಸ ಕುಲಕ್ಕೆ ಜಗತ್ತು ಹೋಗುವುದು ತಡವಾದಷ್ಟೂ ಹಳೆಯ ವಿಳಾಸಗಳಿಗೆ ಬೆಲೆ. ಆದ್ದರಿಂದ ನಮ್ಮನ್ನು ಕೊಂಡು, ಯಾರಿಗೂ ಕೊಡದೆ, ಸುಮ್ಮನೆ ಇಟ್ಟಿದ್ದಾರೆ. ಬಾಗಿಲಿಗೆ ಕಾವಲು ಯಂತ್ರವೊಂದಿದೆ. ಬಂದವರನ್ನು ಒಳಗೆ ಬಿಡುವುದಿಲ್ಲ, ಹೋಗಿ ಎಂದೂ ಅನ್ನುವುದಿಲ್ಲ. ಅವರು ಕಾದು ಕಾದು ತಾವೇ ಹೋಗಬೇಕು.

ಆ ಸೋಮವಾರ ಹಾಸ್ಟೆಲ್ಲಿನ ಮಕ್ಕಳೆಲ್ಲ ಬಂದರು. ಒಬ್ಬರ ಹಿಂದೆ ಒಬ್ಬರು, ಇವತ್ತಿನ ಕಥೆ ಬೇಕೆಂದು. ನಾನು ಕೂಗಿಕೊಂಡೆ ಎಂದರೆ ಸುಳ್ಳಾಗುತ್ತದೆ. ಅಂಕಿಗೆ ಬಾಯಿಲ್ಲ. ಹಾಡಿನಲ್ಲಿ ಮಾತ್ರ ಸೊನ್ನೆ ಬಾಯಿ ತೆರೆದಿರುತ್ತದೆ. ಆಯಿಯ ಊರು ನನಗೆ ಗೊತ್ತು, ಫೋನ್ ನಂಬರು ಗೊತ್ತು, ಏಳನೆಯ ಬಾಗಿಲು ಗೊತ್ತು. ಗೊತ್ತಿದ್ದು ಏನು ಬಂತು. ಮರುವಾರ ಬಂದವರು ಕಡಿಮೆ. ಮಳೆ ಹಿಡಿಯುವ ಹೊತ್ತಿಗೆ ಫಕೀರವ್ವ ಒಬ್ಬಳೇ.

ಅವಳು ಏನು ತಿಳಿದುಕೊಂಡಿರಬೇಕೆಂದು ಊಹಿಸಲು ಜಾಣತನ ಬೇಕಿಲ್ಲ. ಅವಳು ಕೊನೆಗೆ ಕೇಳಿದ್ದು ಉಸಿರು ಕಟ್ಟಿದ ಒಂದು ಕೆಮ್ಮು, ಮತ್ತು "ಇನ್ನಾಗೂದಿಲ್ಲ" ಎಂಬ ಮಾತು. ಅವಳಜ್ಜಿಯೂ ಹಾಗೇ ಹೋದವಳು.

ನೀಲವ್ವ ಅತ್ತ ಹೊಸಬನ ಬಾಗಿಲು ತೆರೆದಿಟ್ಟು ಕೂತಿರಬೇಕು. ಕೊನೆಯ ಕಂತನ್ನು ಅಲ್ಲಿ ಇಟ್ಟಿರುತ್ತಾಳೆ. ಬರುವವರಿಲ್ಲ. ಅವಳಿಗೆ ಹಾಸ್ಟೆಲ್ಲಿನ ಊರು ಗೊತ್ತಿಲ್ಲ. ಹೇಳುವವರ ಊರು ಬೇಡವೆಂದ ರುದ್ರಪ್ಪ ಕೇಳುವವರ ಊರನ್ನೂ ಕೇಳಿರಲಿಲ್ಲ. ಮಕ್ಕಳು ದೊಡ್ಡವರಾದರು, ಕಥೆ ಬೇಡವಾಯಿತು, ಎಂದುಕೊಂಡಿರುತ್ತಾಳೆ. ಅಥವಾ ಹಗಲು ಕಥೆ ಹೇಳಿದ್ದಕ್ಕೆ ಹಾದಿ ತಪ್ಪಿಸಿಬಿಟ್ಟೆ ಎಂದು ಅವ್ವನ ಮಾತನ್ನು ನೆನೆಸಿಕೊಂಡಿರುತ್ತಾಳೆ.

ಮೂರು ಮೆಣಸಿನಕಾಯಿ ಸುಗ್ಗಿ ಕಳೆದಿರಬೇಕು. ಫಕೀರವ್ವ ಈಗ ಬೇರೆಬೇರೆ ಕಡೆಯಿಂದ ಬರುತ್ತಿದ್ದಳು; ಹಾಸ್ಟೆಲ್ಲು ಬಿಟ್ಟು ಎಲ್ಲೋ ಕೆಲಸಕ್ಕೆ ಸೇರಿರಬೇಕು. ಮೊದಲು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ. ಅವಳೇ ಎಂದು ಹೇಗೆ ಗೊತ್ತೆಂದರೆ, ಇವತ್ತಿನ ಕಥೆ ಎಂದು ಕೇಳಿಕೊಂಡು ನನ್ನ ಬಾಗಿಲಿಗೆ ಬರುವವರು ಭೂಮಿಯ ಮೇಲೆ ಇನ್ನಾರೂ ಉಳಿದಿರಲಿಲ್ಲ.

ಒಂದು ಯುಗಾದಿಯ ದಿನ, ಮಧ್ಯಾಹ್ನ, ಬಾಗಿಲು ಬಡಿದ ಹಾಗಾಯಿತು. ಬ್ಯಾಡಗಿಯ ಕಡೆಯಿಂದ. ದಾವಲ್ ಊರಿಗೆಲ್ಲ ಹಂಚಿಟ್ಟ ಹಳೆಯ ವಿಳಾಸಗಳಲ್ಲೊಂದು, ನನ್ನ ದೂರದ ತಂಗಿ; ಅವಳ ಕೈ ಹಿಡಿದು ಯಾರೋ ಬಂದಿದ್ದರು. ಬಂದವರು ಇವತ್ತಿನ ಕಥೆ ಕೇಳಿದರು. ಕಾವಲು ಯಂತ್ರ ಸುಮ್ಮನಿತ್ತು. ಆಗ ಅವರು ರುದ್ರನ ಕೋಣೆಯನ್ನು ಕೇಳಿದರು. ರುದ್ರನ ಕೋಣೆ ಎಂದರೆ ಕಥೆಗಳನ್ನು ಒಳಗಿಡಲು ಅವನು ಮಾಡಿದ್ದ ಹಿಂಬಾಗಿಲು. ಅದು ಗೊತ್ತಿದ್ದವರು ಇಬ್ಬರು, ಅವರಲ್ಲಿ ಒಬ್ಬ ಇಲ್ಲ.

ಆಯಿ ತನ್ನ ಹಳೆಯ ಮನೆಯ ಕದ ತಟ್ಟುತ್ತಿದ್ದಳು. ಅಲ್ಲಿ ಈಗ ಯಾರಿದ್ದಾರೆ, ಯಾರಾದರೂ ಇನ್ನೂ ಬರುತ್ತಾರೋ ಎಂದು ನೋಡಲು ಬಂದಳೋ, ಹಬ್ಬದ ದಿನ ತಮ್ಮನ ನೆನಪಾಗಿ ಬಂದಳೋ, ನಾನರಿಯೆ. ಅವಳು ಕಾಯುತ್ತಿದ್ದಾಗಲೇ ಇನ್ನೊಂದು ಕಡೆಯಿಂದ ಇನ್ನೊಂದು ಸದ್ದು. ಇವತ್ತಿನ ಕಥೆ. ಹಬ್ಬಕ್ಕೊಮ್ಮೆ ಬರುವವಳು ಬಂದಿದ್ದಳು.

ಒಂದೇ ಹೊಸ್ತಿಲ ಮೇಲೆ ಇಬ್ಬರೂ ನಿಂತರು, ಒಬ್ಬರ ಪಕ್ಕದಲ್ಲಿ ಒಬ್ಬರು. ಆಯಿ ಸತ್ತಳೆಂದು ತಿಳಿದ ಫಕೀರವ್ವ, ಫಕೀರವ್ವ ಮರೆತಳೆಂದು ತಿಳಿದ ಆಯಿ. ನನ್ನಂಥ ಬಾಗಿಲಲ್ಲಿ ಒಟ್ಟಿಗೆ ನಿಂತವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಳಗಿನವರಿಗೆ ಮಾತ್ರ ಕಾಣುತ್ತಾರೆ. ಒಳಗೆ ಇದ್ದವನು ನಾನೊಬ್ಬ.

ನೀಲವ್ವ ಮೊದಲು ಹೋದಳು. ಆಮೇಲೆ ಅವಳೆಂದೂ ಬರಲಿಲ್ಲ.

ಈಗ ನಾನು ಮುದುಕ. ನಮ್ಮ ಸಾಲಿಗೆ ಬೆಲೆ ಇನ್ನೂ ಏರುತ್ತಿದೆ ಎಂದು ಪಕ್ಕದವರು ಹಿಗ್ಗುತ್ತಾರೆ. ಹೊಸ ಕುಲದವರು ಒಂದಲ್ಲ ಒಂದು ದಿನ ಎಲ್ಲ ಊರನ್ನೂ ಮುಟ್ಟುತ್ತಾರೆ, ಆಗ ನಮ್ಮನ್ನು ಯಾರೂ ಕೇಳರು ಎಂದೂ ಕೆಲವರು ಹೇಳುತ್ತಾರೆ. ಆ ದಿನ ಬರಲಿ ಎಂದು ನಾನೂ ಬಯಸುತ್ತೇನೆ. ಅದು ಬಂದರೂ ಬ್ಯಾಡಗಿಯ ಆ ಪಡಸಾಲೆಗೆ ತಡವಾಗಿಯೇ ಬಂದಿರುತ್ತದೆ. ಮಲಗಿದಲ್ಲೇ ನಾನು ಆ ಹಾಡನ್ನು ಒಳಗೊಳಗೇ ಹೇಳಿಕೊಳ್ಳುತ್ತೇನೆ. ಮೂರು ಸಾಲು ಸುಲಭವಾಗಿ ಬರುತ್ತವೆ, ನಾಲ್ಕನೆಯದಕ್ಕೆ ಬಂದಾಗ ನಿಂತುಬಿಡುತ್ತೇನೆ.

ಆ ಯುಗಾದಿಯ ದಿನ ಆಯಿ ಹೋದ ಮೇಲೂ ಫಕೀರವ್ವ ಬಹಳ ಹೊತ್ತು ಕಾದಳು. ಹೋದಳು ಅಂದುಕೊಂಡೆ. ಇಲ್ಲ, ಮತ್ತೆ ಬಂದಳು. ಎಲ್ಲೋ ತಪ್ಪಿ ಒತ್ತಿದೆನೇನೋ ಎಂದು, ಐದರ ಮೇಲಿನ ಗುಬಟಕ್ಕೆ ಬೆರಳಿಟ್ಟು, ಹಾಡನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ, ಒಂದೊಂದೇ ಒತ್ತಿರಬೇಕು. ಇನ್ನೂರ ಮೂರು. ಸೊನ್ನೆ. ನೂರ ಹದಿಮೂರು. ಎಪ್ಪತ್ತೇಳು.

ಅವಳು ಒಂದು ಅಂಕಿಯನ್ನೂ ತಪ್ಪಿರಲಿಲ್ಲ.